ಗಂಗೋತ್ರಿಗೆ ಹೊಸಬರು ಬಂದಾಗ: ದಾರಿ ತೋರಿಸಿದರೆ ಸಾಲದು, ಜೊತೆಗೆ ನಡೆಯಿರಿ

ಸ್ನಾತಕೋತ್ತರ ಪ್ರವೇಶದ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಯಾವ ವಿಭಾಗದ ಮುಂದೆ ನಿಂತರೂ ಈ ನೋಟ ಸಿಗುತ್ತದೆ. ಹುಡುಗಿಯ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಹತ್ತನೇ ತರಗತಿಯಿಂದ ಇಲ್ಲಿಯವರೆಗಿನ ಅಂಕಪಟ್ಟಿಗಳೆಲ್ಲ. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಮರದ ಕೆಳಗೆ ನಿಂತಿರುತ್ತಾರೆ. ಹುಡುಗಿ ನೋಟಿಸ್ ಬೋರ್ಡ್ ಓದುತ್ತಾಳೆ. ಮತ್ತೆ ಮೊದಲಿನಿಂದ ಓದುತ್ತಾಳೆ. ಪಕ್ಕದಲ್ಲೇ ನಾಲ್ಕು ಮಂದಿ ಸೀನಿಯರ್‌ಗಳು ಮಾತಾಡಿಕೊಂಡು ನಿಂತಿದ್ದರೂ ಅವರನ್ನು ಕೇಳುವುದಿಲ್ಲ.

ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದ ನಾನೂ ಹೀಗೇ ನಿಂತಿದ್ದೆ. ಎಂ.ಎ., ಆಮೇಲೆ ಪಿಎಚ್.ಡಿ. ಎಂದು ಹಲವು ವರ್ಷ ಅಲ್ಲೇ ಕಳೆದೆ, ಪ್ರತಿ ವರ್ಷ ಹೊಸಬರು ಬರುವುದನ್ನು ನೋಡಿದೆ. ನನಗೆ ಅರ್ಥವಾದದ್ದು ಇಷ್ಟು: ಹೊಸಬರು ಕೇಳುವುದಿಲ್ಲ. ಕೇಳಿದರೆ ದಡ್ಡರೆಂದುಕೊಂಡಾರು ಎಂಬ ಅಳುಕು. ಹಾಗಾಗಿ 'ಏನಾದ್ರೂ ಬೇಕಾದ್ರೆ ಕೇಳು' ಎಂಬ ಮಾತಿನಿಂದ ಅವರಿಗೆ ಏನೂ ಸಿಗುವುದಿಲ್ಲ. 'ಬಾ, ನಾನೂ ಆ ಕಡೆಗೇ ಹೊರಟಿದ್ದೀನಿ' ಎಂದರೆ ಕೆಲಸ ಆಗುತ್ತದೆ. ಈ ಲೇಖನ ಹಾಗೆ ಜೊತೆಗೆ ಹೋಗಬಲ್ಲ ಎರಡನೇ ವರ್ಷದವರಿಗೆ, ಸಂಶೋಧನಾ ವಿದ್ಯಾರ್ಥಿಗಳಿಗೆ, ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವ ಅಣ್ಣ ಅಕ್ಕಂದಿರಿಗೆ.

ಮೊದಲ ದಿನ: ಬಸ್ ಸ್ಟ್ಯಾಂಡಿನಿಂದಲೇ ಶುರು ಮಾಡಿ

ಊರಿನ ಬಸ್ಸು ಸಬ್‌ಅರ್ಬನ್ ನಿಲ್ದಾಣಕ್ಕೆ ಬರುತ್ತದೆ. ಗಂಗೋತ್ರಿ ಕಡೆಗಿನ ಸಿಟಿ ಬಸ್ಸು ಹೊರಡುವುದು ಅರಮನೆ ಹತ್ತಿರದ ನಗರ ಬಸ್ ನಿಲ್ದಾಣದಿಂದ. ಇವೆರಡೂ ಬೇರೆ ಬೇರೆ ಎಂಬುದು ಮೈಸೂರಿನವರಿಗೆ ಹೇಳಬೇಕಾದ ವಿಷಯವೇ ಅಲ್ಲ, ಹೊಸಬರಿಗೆ ಮೊದಲ ಗೊಂದಲ ಅದೇ. ಸಾಧ್ಯವಿದ್ದರೆ ನಿಲ್ದಾಣಕ್ಕೇ ಹೋಗಿ ಕರೆದುಕೊಂಡು ಬನ್ನಿ. ಆಗದಿದ್ದರೆ ಹಿಂದಿನ ರಾತ್ರಿ ಫೋನ್ ಮಾಡಿ, ಎಲ್ಲಿ ಇಳಿಯಬೇಕು, ಎಲ್ಲಿಗೆ ನಡೆಯಬೇಕು, ಯಾವ ಬಸ್ಸು ಹತ್ತಬೇಕು ಎಂದು ನಿಧಾನವಾಗಿ ಹೇಳಿ. ಹುಡುಗಿಯರಿಗೆ ಆಧಾರ್ ಕಾರ್ಡು ಕೈಗೆ ಸಿಗುವಂತೆ ಇಟ್ಟುಕೊಳ್ಳಲು ಹೇಳಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಊರಿನ ಬಸ್ಸಿಗೂ ಸಿಟಿ ಬಸ್ಸಿಗೂ ದುಡ್ಡು ಕೊಡಬೇಕಿಲ್ಲ. ತಿಂಗಳಿಗೆರಡು ಸಲ ಊರಿಗೆ ಹೋಗಿಬರುವ ಹುಡುಗಿಗೆ ಇದು ಸಣ್ಣ ಉಳಿತಾಯವಲ್ಲ.

ಕ್ಯಾಂಪಸ್ ತಲುಪಿದ ಮೇಲೆ ಒಂದು ಸುತ್ತು ನಡೆಸಿ. ವಿಭಾಗ, ಗ್ರಂಥಾಲಯ, ಹಾಸ್ಟೆಲ್, ಬ್ಯಾಂಕು, ಕ್ಯಾಂಟೀನು ಎಲ್ಲವನ್ನೂ ಮುಟ್ಟಿಸಿ. ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲ್ ಗಂಗೋತ್ರಿಯೊಳಗಿಲ್ಲ, ಕುಕ್ಕರಹಳ್ಳಿ ಕೆರೆಯ ಆಚೆಗಿದೆ. 'ಯೂನಿವರ್ಸಿಟಿ ಆಫೀಸಿಗೆ ಹೋಗು' ಎಂದು ಯಾರೋ ಹೇಳಿದ್ದನ್ನು ನಂಬಿ ಇಡೀ ಮಧ್ಯಾಹ್ನ ಕ್ಯಾಂಪಸ್ಸಿನೊಳಗೇ ಅದನ್ನು ಹುಡುಕಿದವರನ್ನು ಕಂಡಿದ್ದೇನೆ. ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಈ ಸುತ್ತಿಗೆ ಕರೆದುಕೊಳ್ಳಿ. ಮಗಳು ಓಡಾಡುವ ಜಾಗ ಕಣ್ಣಾರೆ ಕಂಡರೆ ಊರಿಗೆ ಹೋಗಿ ನಿದ್ದೆ ಮಾಡುತ್ತಾರೆ.

ಆ ಸುತ್ತಿನಲ್ಲಿ ಒಂದು ಮಾತು ಹೇಳಲು ಮರೆಯಬೇಡಿ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿತು. ಈ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಮಲೆನಾಡಿನ ಹಳ್ಳಿಯಿಂದ ಬಂದು ಇದೇ ವಿಶ್ವವಿದ್ಯಾನಿಲಯದ ಮಹಾರಾಜ ಕಾಲೇಜಿನಲ್ಲಿ ಓದಿದ ಆ ಹುಡುಗ ಆಮೇಲೆ ಇಲ್ಲಿಯೇ ಕುಲಪತಿಯಾದರು. ಹಳ್ಳಿಯಿಂದ ಬಂದೆ ಎಂದು ಕುಗ್ಗಿರುವ ಹುಡುಗನಿಗೆ ಇದನ್ನು ಭಾಷಣದ ಹಾಗೆ ಒಪ್ಪಿಸುವುದು ಬೇಡ. ನಡೆಯುತ್ತಾ ನಡೆಯುತ್ತಾ ಹೇಳಿದರೆ ಸಾಕು.

ಮೊದಲ ವಾರ: ಕಾಗದಪತ್ರ, ಅದರಲ್ಲೂ ಬ್ಯಾಂಕ್ ಖಾತೆ

ಪ್ಲಾಸ್ಟಿಕ್ ಕವರಿನಲ್ಲಿರುವುದನ್ನೆಲ್ಲ ಒಂದು ಫೈಲಿಗೆ ಹಾಕಿಸಿ. ಮೂಲ ಪ್ರತಿ ಕೊಡುವ ಮುನ್ನ ಪ್ರತಿಯೊಂದಕ್ಕೂ ನಾಲ್ಕು ಜೆರಾಕ್ಸ್, ಮೊಬೈಲಿನಲ್ಲಿ ಒಂದು ಸ್ಕ್ಯಾನ್ ಇರಲಿ. ಬೇರೆ ವಿಶ್ವವಿದ್ಯಾನಿಲಯದಲ್ಲಿ ಡಿಗ್ರಿ ಮಾಡಿದವರಿಗೆ ಅಲ್ಲಿಂದ ಕೊಡುವ ಮೈಗ್ರೇಷನ್ (ವಲಸೆ) ಪ್ರಮಾಣಪತ್ರ ಬೇಕು. ಮಂಡ್ಯ, ಹಾಸನ, ಚಾಮರಾಜನಗರಗಳಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯಗಳು ಆದ ಮೇಲೆ ಪಕ್ಕದ ಜಿಲ್ಲೆಯವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಪದವಿ ಪತ್ರದಲ್ಲಿ ಯಾವ ವಿಶ್ವವಿದ್ಯಾನಿಲಯದ ಹೆಸರಿದೆ ಎಂದು ಕುಳಿತು ನೋಡಿ. ಚಲನ್ ತುಂಬುವಾಗ ಪಕ್ಕದಲ್ಲೇ ಇರಿ. ರಸೀದಿಯ ಫೋಟೊ ತೆಗೆಸಿ.

ಈಗ ವಿದ್ಯಾರ್ಥಿವೇತನ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಮೊದಲ ವರ್ಷ ನನಗೆ ಬರಬೇಕಾಗಿದ್ದ ಹಣ ಬರಲಿಲ್ಲ. ಅರ್ಜಿ ಸರಿಯಾಗಿತ್ತು, ಮಂಜೂರೂ ಆಗಿತ್ತು. ಪಿಯುಸಿಯಲ್ಲಿದ್ದಾಗ ಊರಿನ ಬ್ಯಾಂಕೊಂದರಲ್ಲಿ ತೆರೆದು, ಆಮೇಲೆ ತಿರುಗಿಯೂ ನೋಡದೆ ಬಿಟ್ಟ ಖಾತೆಗೆ ನನ್ನ ಆಧಾರ್ ಜೋಡಣೆಯಾಗಿತ್ತು. ಆ ಖಾತೆ ನಿಷ್ಕ್ರಿಯವಾಗಿತ್ತು. ಅರ್ಜಿಯಲ್ಲಿ ನಾನು ಹೊಸ ಖಾತೆಯ ಸಂಖ್ಯೆ ಬರೆದಿದ್ದೆ, ಅದರಿಂದ ಪ್ರಯೋಜನವಾಗಲಿಲ್ಲ. ಅಷ್ಟೂ ತಿಂಗಳು ಒಂದು ಮಾತು ಹೇಳುವವರಿರಲಿಲ್ಲ. ಮೆಸ್ ಬಿಲ್ ಕಟ್ಟಲು ಅವ್ವ ಓಲೆ ಅಡ ಇಟ್ಟಳು.

ಆದ್ದರಿಂದ ಹೀಗೆ ಮಾಡಿ. ಆಧಾರ್‌ನ ಅಧಿಕೃತ ಜಾಲತಾಣಕ್ಕೆ ಹೊಸಬರ ಮೊಬೈಲಿನಿಂದಲೇ ಹೋಗಿ, ಒಟಿಪಿ ಹಾಕಿ, ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿ. ಯಾವ ಬ್ಯಾಂಕಿನ ಹೆಸರು ಕಾಣುತ್ತದೋ ಆಧಾರ್ ಆಧಾರಿತ ಸರ್ಕಾರಿ ಹಣ ಹೋಗುವುದು ಅಲ್ಲಿಗೇ. ಅದು ಹಳೆಯ ಖಾತೆಯಾಗಿದ್ದರೆ, ಈಗ ಬಳಸುವ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಅರ್ಜಿ ಕೊಡಿಸಿ. ಬ್ಯಾಂಕಿನವರು 'ಲಿಂಕ್ ಆಗಿದೆ' ಎಂದರೆ ಅಷ್ಟಕ್ಕೇ ಎದ್ದು ಬರಬೇಡಿ. ಖಾತೆಗೆ ಆಧಾರ್ ಸಂಖ್ಯೆ ಸೇರಿಸುವುದು ಒಂದು, ಹಣ ವರ್ಗಾವಣೆಗೆ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಿಸುವುದು) ಮಾಡುವುದು ಇನ್ನೊಂದು. ಎರಡನೆಯದು ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ವಾರ ಬಿಟ್ಟು ಮತ್ತೆ ಜಾಲತಾಣದಲ್ಲಿ ನೋಡಿ.

ಇದು ಆದ ಮೇಲೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಅರ್ಜಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಸಂಖ್ಯೆ) ಬೇಕಾಗುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಹಾಗಾಗಿ ಪಿಯುಸಿಗೆ ಮಾಡಿಸಿದ್ದು ಎಂ.ಎ. ಹೊತ್ತಿಗೆ ಮುಗಿದಿರಬಹುದು. ಹಾಗಿದ್ದರೆ ಊರಿನ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿಸಿ, ಕೊನೆಯ ದಿನಕ್ಕೆ ಕಾಯಬೇಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು, ಆಧಾರ್‌ನ ಹೆಸರು ಅಕ್ಷರಕ್ಕಕ್ಷರ ಹೊಂದುತ್ತವೆಯೇ ಎಂದು ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತೊಡಕಾಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ಊಟ, ವಸತಿ ಖರ್ಚಿಗೆ ವಿದ್ಯಾಸಿರಿ ಇದೆ. ಎಷ್ಟೋ ಮಂದಿಗೆ ಅದರ ಹೆಸರೇ ಗೊತ್ತಿರುವುದಿಲ್ಲ.

ರೂಮು, ಊಟ

ಹಾಸ್ಟೆಲ್ ಪಟ್ಟಿ ತಡವಾದರೆ ಒಂದೆರಡು ವಾರ ನಿಮ್ಮ ರೂಮಿನಲ್ಲಿ ಜಾಗ ಕೊಡಿ. ಹೊರಗೆ ರೂಮು ನೋಡುವುದಾದರೆ ಪಡುವಾರಹಳ್ಳಿ, ಸರಸ್ವತಿಪುರಂ, ಬೋಗಾದಿ ರಸ್ತೆಯ ಆಸುಪಾಸು ನಡೆದು ಬರುವ ದೂರದಲ್ಲಿವೆ. ಅಡ್ವಾನ್ಸ್ ಕೊಡುವ ಮುಂಚೆ ಸಂಜೆ ಹೊತ್ತು ಹೋಗಿ ನಲ್ಲಿ ತಿರುಗಿಸಿ ನೋಡಿ. ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಬರೆಸಿಕೊಳ್ಳಿ.

ಊಟ ಸಣ್ಣ ವಿಷಯವೆಂದು ಬಿಡಬೇಡಿ. ರಾಯಚೂರು, ವಿಜಯಪುರದ ಕಡೆಯ ಹುಡುಗರಿಗೆ ನಮ್ಮ ಅನ್ನ, ಮುದ್ದೆ, ಸೊಪ್ಪಿನ ಸಾರು ಮೂರು ದಿನಕ್ಕೇ ಸಾಕಾಗುತ್ತದೆ. ಅಂಥವರನ್ನು ಒಂದು ಭಾನುವಾರ ಜೋಳದ ರೊಟ್ಟಿ ಸಿಗುವ ಖಾನಾವಳಿಗೆ ಕರೆದುಕೊಂಡು ಹೋಗಿ. ತಿಂಗಳ ಕೊನೆಗೆ ಕೈ ಖಾಲಿಯಾದಾಗ ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟವಿದೆ ಎಂದು ಹೇಳಿ. ಹಾಗೆ ಹೇಳುವುದಕ್ಕಿಂತ ನೀವೇ ಜೊತೆಗೆ ಹೋಗಿ ಒಂದು ಸಲ ಉಂಡರೆ ಅವರ ಸಂಕೋಚ ಹೋಗುತ್ತದೆ.

ಮೊದಲ ತಿಂಗಳು: ತರಗತಿಯ ಮೌನ

ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ. ಡಿಗ್ರಿಯನ್ನು ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದ ಹುಡುಗ ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಕುಳಿತಿದ್ದಾನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ವಿಷಯ ಅವನಿಗೆ ಗೊತ್ತು, ಅದು ಇಂಗ್ಲಿಷಿನ ಹೆಸರಿನಲ್ಲಿ ಬಂದಾಗ ಗುರುತು ಸಿಗುವುದಿಲ್ಲ. ಒಂದು ಸಲ ನನ್ನ ಜೂನಿಯರ್ ಒಬ್ಬ ನೋಟ್ ಬುಕ್ ತೋರಿಸಿದ. ಇಡೀ ಪುಟದಲ್ಲಿ ಕಿವಿಗೆ ಬಿದ್ದ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದ. 'ಮಾರ್ಜಿನಲ್' ಎಂಬ ಪದದ ಕೆಳಗೆ ಎರಡು ಗೆರೆ. 'ಅಣ್ಣ, ಇದು ಸೀಮಾಂತ ಅಲ್ವಾ?' ಎಂದ. ಹೌದು ಎಂದೆ. 'ಅಷ್ಟೇನಾ!' ಎಂದು ಉಸಿರು ಬಿಟ್ಟ.

ಇಂಥವರನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಎರಡು ಕಪಾಟು ತೋರಿಸಿ. ಒಂದರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಹೊರತಂದ ಕನ್ನಡ ವಿಶ್ವಕೋಶದ 14 ಸಂಪುಟಗಳು. ಇನ್ನೊಂದರಲ್ಲಿ ಇದೇ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು. ನಾಳೆಯ ಪಾಠದ ವಿಷಯವನ್ನು ಇವತ್ತು ಸಂಜೆ ವಿಶ್ವಕೋಶದಲ್ಲಿ ಓದಲಿ. ಅಂಕಿಅಂಶ ಹಳೆಯದಾಗಿರುತ್ತದೆ, ಪರಿಕಲ್ಪನೆ ಗಟ್ಟಿಯಾಗಿರುತ್ತದೆ. ಆಮೇಲೆ ಇಂಗ್ಲಿಷ್ ಪಠ್ಯದ ಎರಡೇ ಪುಟ, ನಿಘಂಟು ಪಕ್ಕದಲ್ಲಿಟ್ಟುಕೊಂಡು. ನೋಟ್ ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡು ಕಾಲಂ ಮಾಡಿಸಿ: ಈ ಕಡೆ ಇಂಗ್ಲಿಷ್ ಪದ, ಆ ಕಡೆ ಅವನಿಗೆ ಗೊತ್ತಿರುವ ಕನ್ನಡ ಪದ. ದಿನಕ್ಕೆ ಹತ್ತು ಪದ ಸಾಕು. ಮೊದಲ ಸೆಮಿನಾರನ್ನು ನಿಮ್ಮ ರೂಮಿನಲ್ಲಿ ನಿಮ್ಮೆದುರು ಒಂದು ಸಲ ಹೇಳಿಸಿ. ತಪ್ಪಿದಲ್ಲಿ ನಡುವೆ ತಡೆಯಬೇಡಿ, ಮುಗಿಸಲಿ.

ಅಂಕಗಳ ಲೆಕ್ಕವನ್ನೂ ಬಿಡಿಸಿ ಹೇಳಿ. ಸೆಮಿಸ್ಟರ್ ಕೊನೆಯ ಪರೀಕ್ಷೆ ಒಂದೇ ಅಲ್ಲ. ಅದಕ್ಕಿಂತ ಮುಂಚೆ ಸಿ1, ಸಿ2 ಎಂದು ಆಂತರಿಕ ಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರುಗಳಿವೆ. ಡಿಗ್ರಿಯಲ್ಲಿ ಪರೀಕ್ಷೆಗೆ ತಿಂಗಳಿರುವಾಗ ಓದಿ ಗೆದ್ದವರು ಇಲ್ಲಿ ಸಿ1 ಕಳೆದುಕೊಂಡ ಮೇಲೆ ಎಚ್ಚೆತ್ತುಕೊಳ್ಳುತ್ತಾರೆ. ಹಾಜರಾತಿ ಶೇ 75 ಇರಬೇಕು. ರಾತ್ರಿ ಕೆಲಸಕ್ಕೆ ಹೋಗುವ ಹುಡುಗರು ಇದರ ಬಗ್ಗೆ ಮೊದಲೇ ಅಧ್ಯಾಪಕರ ಹತ್ತಿರ ಮಾತಾಡಲಿ. ಒಬ್ಬರೇ ಹೋಗಲು ಹೆದರಿದರೆ ಬಾಗಿಲವರೆಗೆ ನೀವು ಹೋಗಿ.

ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಎಂದು ಮೊದಲ ತಿಂಗಳಲ್ಲೇ ಹೆದರಿಸುವ ಸೀನಿಯರ್‌ಗಳಿದ್ದಾರೆ. ದಯವಿಟ್ಟು ಬೇಡ. ಎರಡನೇ ಸೆಮಿಸ್ಟರ್ ಹೊತ್ತಿಗೆ ಕೂರಿಸಿಕೊಂಡು ಹೇಳಿ: ಅಂತಿಮ ವರ್ಷದಲ್ಲೇ ನೆಟ್ ಬರೆಯಬಹುದು, ಜೆಆರ್‌ಎಫ್ ಬಂದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಆಗ ಅದು ಕೈಗೆಟುಕುವ ಆಸೆಯಾಗಿ ಕಾಣುತ್ತದೆ.

ಮಂಕಾದವರನ್ನು ಗಮನಿಸಿ

ಮೂರನೇ, ನಾಲ್ಕನೇ ವಾರದಲ್ಲಿ ಮನೆಯ ನೆನಪು ಜೋರಾಗುತ್ತದೆ. ಮೆಸ್ಸಿಗೆ ಬರದಿರುವುದು, ಶುಕ್ರವಾರ ಮಧ್ಯಾಹ್ನವೇ ಊರಿನ ಬಸ್ಸು ಹತ್ತುವುದು, ಫೋನ್ ತೆಗೆಯದಿರುವುದು, ಇವು ಗುರುತು. ಉಪದೇಶ ಬೇಡ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಕರೆದುಕೊಂಡು ಹೋಗಿ. ಹೆಜ್ಜಾರ್ಲೆಗಳು ರೆಕ್ಕೆ ಅಗಲಿಸಿ ನೀರಿಗಿಳಿಯುವುದನ್ನು ನೋಡುತ್ತಾ ಕುಳಿತರೆ, ರೂಮಿನಲ್ಲಿ ಹೊರಬರದ ಮಾತು ಅಲ್ಲಿ ತಾನಾಗಿ ಬರುತ್ತದೆ. ನೀವು ಸುಮ್ಮನೆ ಕೇಳಿಸಿಕೊಳ್ಳಿ. ನಿಮ್ಮ ಕೈಮೀರಿದ್ದು ಎನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿಸಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ರ್‍ಯಾಗಿಂಗ್ ವಿಷಯದಲ್ಲಿ 'ತಮಾಷೆಗೆ' ಎಂಬ ಮಾತನ್ನು ನಂಬಬೇಡಿ. ಜಾತಿ ಕೇಳುವುದು, ಊರಿನ ಭಾಷೆಯನ್ನು ಅಣಕಿಸುವುದು ಕೂಡ ಹಿಂಸೆಯೇ. ಯುಜಿಸಿಯ ಸಹಾಯವಾಣಿ 1800-180-5522 ಹೊಸಬರ ಮೊಬೈಲಿನಲ್ಲಿ ಮೊದಲ ದಿನವೇ ಇರಲಿ.

ಕಡೆಯದಾಗಿ, ಮೊದಲ ದೊಡ್ಡ ರಜೆ. ಕೆಲವರು ಆ ರಜೆಗೆ ಊರಿಗೆ ಹೋದವರು ವಾಪಸ್ ಬರುವುದಿಲ್ಲ. ಫೀಸು, ಮದುವೆ ಮಾತು, ತೋಟದ ಕೆಲಸ, ಕಾರಣ ಏನಾದರೂ ಆಗಬಹುದು. ಬೆಂಚು ಖಾಲಿಯಾದದ್ದು ವಾರದ ಮೇಲೆ ಗೊತ್ತಾಗುತ್ತದೆ, ಅಷ್ಟರಲ್ಲಿ ಅಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಅದಕ್ಕೇ ತರಗತಿ ಶುರುವಾಗುವ ಹಿಂದಿನ ಸಂಜೆ ಫೋನ್ ಮಾಡಿ. ಎಂ.ಎ. ಮೊದಲ ವರ್ಷ ಅಕ್ಕ ಒಬ್ಬರು ನನಗೆ ಹಾಗೆ ಮಾಡಿದ್ದರು. 'ನಾಳೆ ಎಷ್ಟು ಗಂಟೆ ಬಸ್ಸಿಗೆ ಬರ್ತೀಯ? ನಿಂಗೂ ಸೇರಿಸಿ ಅನ್ನ ಇಟ್ಟಿರ್ತೀನಿ' ಎಂದರು. ನಾನು ಆರೂವರೆ ಬಸ್ಸು ಹತ್ತಿದೆ.