ಲೇಖಕ ಸೂಚಿಯಲ್ಲಿ ‘ಕಾರಂತ’ರನ್ನು ಬೇರ್ಪಡಿಸುವ ಕ್ರಮ

ಉಡುಪಿ, ಮಂಗಳೂರು ಕಡೆಯ ಶಾಲೆಯಲ್ಲೋ ಊರಿನ ವಾಚನಾಲಯದಲ್ಲೋ ಲೇಖಕ ಸೂಚಿ (ಲೇಖಕರ ಹೆಸರಿನಡಿ ಪುಸ್ತಕಗಳನ್ನು ಕಾರ್ಡುಗಳಲ್ಲಿ ನಮೂದಿಸಿದ ಪಟ್ಟಿ) ಸಿದ್ಧಪಡಿಸುವವರಿಗೆ ಭಟ್ಟ, ರಾವ್, ಶೆಟ್ಟಿಗಳು ಎಷ್ಟೇ ಮಂದಿ ಸಿಕ್ಕಿದರೂ, ನಿಜವಾದ ತೊಡಕು ಎದುರಾಗುವುದು ‘ಕಾರಂತ’ ಎಂಬಲ್ಲಿ. ಇಲ್ಲಿಯ ಓದುಗರು ಬರಿದೇ ‘ಕಾರಂತರ ಪುಸ್ತಕ’ ಎಂದು ಕೇಳಿದರೆ ಸಾಮಾನ್ಯವಾಗಿ ಶಿವರಾಮ ಕಾರಂತರ ಕಾದಂಬರಿಯೆಂದೇ ತಿಳಿಯಬೇಕಾದರೂ, ಸೂಚಿಗೆ ಆ ಸಲುಗೆ ಸಲ್ಲದು.

ಮೊದಲು ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಿರಿ. ಕರಾವಳಿಯಲ್ಲಿ ಮೊದಲಕ್ಷರವು ಅನೇಕ ವೇಳೆ ಊರಿನದೋ ಮನೆಯದೋ ಆಗಿರುವುದರಿಂದ ಅದೇ ಒಳ್ಳೆಯ ಗುರುತಾಗುತ್ತದೆ. ‘ಕಾರಂತ, ಕೋಟ ಶಿವರಾಮ (1902–1997)’ ಎಂದೂ ‘ಕಾರಂತ, ಬಾಬುಕೋಡಿ ವೆಂಕಟರಮಣ (1929–2002)’ ಎಂದೂ ಬರೆದರೆ ಕಾದಂಬರಿಕಾರ ಶಿವರಾಮ ಕಾರಂತರೂ ರಂಗಕರ್ಮಿ ಬಿ.ವಿ. ಕಾರಂತರೂ ಬೇರೆಯಾಗಿ ನಿಲ್ಲುತ್ತಾರೆ. ಆದರೆ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಶಿವರಾಮ ಕಾರಂತರ ಮಗನಾದ್ದರಿಂದ ಅಲ್ಲಿಯೂ ‘ಕೋಟ’ವೇ ಬರುತ್ತದೆ, ಹೆಸರನ್ನು ಪೂರ್ತಿ ಬರೆಯದೆ ಗತ್ಯಂತರವಿಲ್ಲ.

ವೃತ್ತಿಯಿಂದ ಗುರುತಿಸುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಶಿವರಾಮ ಕಾರಂತರು ಕಾದಂಬರಿಯ ಜೊತೆಗೆ ನಾಟಕ, ಯಕ್ಷಗಾನ, ಮಕ್ಕಳ ವಿಶ್ವಕೋಶಗಳಲ್ಲೂ ದುಡಿದವರು. ‘ರಂಗಕರ್ಮಿ’ ಎಂಬ ಚೀಟಿ, ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ.ವಿ. ಕಾರಂತರಿಗೆ ಸಲ್ಲುವಂತೆ ಶಿವರಾಮ ಕಾರಂತರಿಗೂ ಸಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ‘ಚೋಮನ ದುಡಿ’ಯಲ್ಲಿ. 1933ರ ಕಾದಂಬರಿ ಶಿವರಾಮ ಕಾರಂತರದು, 1975ರ ಚಲನಚಿತ್ರದ ನಿರ್ದೇಶನ ಬಿ.ವಿ. ಕಾರಂತರದು. ಚಿತ್ರದ ಡಿ.ವಿ.ಡಿ. ಇದ್ದರೆ ನಿರ್ದೇಶಕರ ಹೆಸರಿನಲ್ಲಿ ಮುಖ್ಯ ನಮೂದನ್ನು ಮಾಡಿ, ಮೂಲ ಲೇಖಕರ ಹೆಸರಿನಲ್ಲಿ ಇನ್ನೊಂದು ಕಾರ್ಡನ್ನು ಸೇರಿಸಿರಿ. ಬಿ.ವಿ. ಕಾರಂತರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಗೂ ಎರಡು ಕಾರ್ಡು ಬೇಕು, ಏಕೆಂದರೆ ಅವರು ಹೇಳಿದ್ದನ್ನು ಬರಹಕ್ಕಿಳಿಸಿದವರು ವೈದೇಹಿ.

ಬಿ.ವಿ. ಕಾರಂತರ ಪತ್ನಿ, ‘ಫಣಿಯಮ್ಮ’ ಚಿತ್ರದ ನಿರ್ದೇಶಕಿ ಪ್ರೇಮಾ ಕಾರಂತರಿಗೆ ಪ್ರತ್ಯೇಕ ನಮೂದು ಇರಲಿ. ಗಂಡನ ಕಾರ್ಡಿನ ಅಡಿಯಲ್ಲಿ ಅವರನ್ನು ಸೇರಿಸುವುದು ತಪ್ಪು. ಮನೆತನದ ಹೆಸರು ಒಂದೇ ಎಂಬ ಕಾರಣಕ್ಕೆ, ಖಚಿತ ಆಧಾರವಿಲ್ಲದೆ, ಯಾರಿಗೂ ನಂಟಸ್ತಿಕೆಯ ಟಿಪ್ಪಣಿ ಬರೆಯಬೇಡಿ.

ಕೊನೆಗೆ ಕಾಗುಣಿತ. ಮುಖಪುಟಗಳಲ್ಲಿ ‘ಕಾರಂತ’ ಎಂದೂ ‘ಕಾರಂತ್’ ಎಂದೂ ಎರಡು ರೂಪಗಳು ಕಾಣುವುದರಿಂದ ಒಂದನ್ನು ಆರಿಸಿಕೊಂಡು ಎಲ್ಲ ನಮೂದುಗಳನ್ನೂ ಅದರಡಿ ತನ್ನಿರಿ. ಇನ್ನೊಂದರ ಜಾಗದಲ್ಲಿ ‘ಕಾರಂತ್ – ಕಾರಂತ ನೋಡಿ’ ಎಂಬ ಒಂದೇ ಕಾರ್ಡು ಸಾಕು.