ಕಿರ್ದಿ ಹರಿದರೂ ಲೆಕ್ಕ ಉಳಿಯಲಿ: ಪುಟ್ಟ ಕಂಪ್ಯೂಟರಿನಲ್ಲಿ ಬಿಟ್‌ಕಾಯಿನ್ ನೋಡ್

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯ ಲೆಕ್ಕ ನೋಡಿದವರಿಗೆ ಕಿರ್ದಿ, ಖತಾವಣಿ ಎರಡೂ ಗೊತ್ತು. ದಿನದ ವ್ಯವಹಾರ ಬೀಳುವುದು ಕಿರ್ದಿಗೆ, ಯಾರ ಬಾಕಿ ಎಷ್ಟು ಎಂಬುದು ಖತಾವಣಿಗೆ. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಲೆಕ್ಕವನ್ನು ತಾನೇ ತಾಳೆ ನೋಡುವ ಕಂಪ್ಯೂಟರಿಗೆ ನೋಡ್ ಎನ್ನುತ್ತಾರೆ, ಅದು ಮಾಡುವುದೂ ಇದನ್ನೇ. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ, ಅಂದರೆ ಮೊದಲ ಪುಟದಿಂದ, ಇಂದಿನವರೆಗಿನ ಕಿರ್ದಿ 600 ಜಿಬಿ ದಾಟಿದೆ. ಆದರೆ ಖರ್ಚಾಗದೆ ಉಳಿದ ಮೊತ್ತಗಳ ಖತಾವಣಿ 12 ಜಿಬಿ ಆಸುಪಾಸು ಅಷ್ಟೇ. ಪ್ರತಿ ಪುಟವನ್ನೂ ತಾಳೆ ನೋಡಿ, ಖತಾವಣಿಗೆ ಏರಿಸಿ, ಹಳೆಯ ಪುಟ ಹರಿದು ಹಾಕುವ ಪದ್ಧತಿಗೆ ಪ್ರೂನಿಂಗ್ ಎನ್ನುತ್ತಾರೆ. ಸಣ್ಣ ಡಿಸ್ಕ್ ಇದ್ದವರಿಗೆ ಇದೇ ದಾರಿ.

ಮನೆಗೆ ಬಂದವರು "ಇದರಿಂದ ರೊಕ್ಕ ಬರ್ತದೇನ್ರಿ?" ಎಂದು ಕೇಳುತ್ತಾರೆ. ಬರುವುದಿಲ್ಲ, ಇದು ಹೊಸ ಬ್ಲಾಕ್ ಕಟ್ಟಿ ಬಿಟ್‌ಕಾಯಿನ್ ಗಳಿಸುವ ಮೈನಿಂಗ್ ಅಲ್ಲ. ನಮ್ಮ ವ್ಯವಹಾರದ ಲೆಕ್ಕವನ್ನು ಯಾರದೋ ಸರ್ವರ್ ನಂಬದೆ ನಾವೇ ನೋಡಿಕೊಳ್ಳಬಹುದು. ನನ್ನ ಮಟ್ಟಿಗೆ ಅದು ದೊಡ್ಡ ಮಾತು.

ಮೊದಲು ಸಾಮಾನು. 4 ಜಿಬಿ ರ‍್ಯಾಮ್ ಇರುವ ರಾಸ್‌ಬೆರಿ ಪೈ 4 ಅಥವಾ 5 ಎಂಬ ಪುಟ್ಟ ಕಂಪ್ಯೂಟರ್, ಅದಕ್ಕೆಂದೇ ಬರುವ ಅಡಾಪ್ಟರ್, ಯುಎಸ್‌ಬಿಗೆ ಸಿಕ್ಕಿಸುವ 128 ಜಿಬಿ ಎಸ್‌ಎಸ್‌ಡಿ. ಮೆಮೊರಿ ಕಾರ್ಡಿನ ಮೇಲೆ ಖತಾವಣಿ ಇಡಬೇಡಿ. ಎಡೆಬಿಡದೆ ಬರೆದರೆ ಕಾರ್ಡ್ ಸವೆದುಹೋಗುತ್ತದೆ. ಗದಗ, ಹಾವೇರಿ ಕಡೆಯ ಬೇಸಿಗೆಗೆ ಸಣ್ಣ ಫ್ಯಾನ್ ಬೇಕೇಬೇಕು.

ಇವೆಲ್ಲಕ್ಕಿಂತ ಮೊದಲು ಯುಪಿಎಸ್. ಏಪ್ರಿಲ್‌ನ ಒಂದು ಸಂಜೆ ಧಾರವಾಡದಲ್ಲಿ ಗುಡುಗು ಕಟ್ಟಿ ಅಡ್ಡಮಳಿ ಹೊಡೆಯಿತು, ಕರೆಂಟ್ ಹೋಯಿತು. ಒಂಬತ್ತು ದಿನ ಓಡಿದ್ದ ನನ್ನ ನೋಡ್ ನಡು ಬರಹದಲ್ಲೇ ನಿಂತಿತು. ಮತ್ತೆ ಶುರು ಮಾಡಿದರೆ ಡೇಟಾಬೇಸ್ ಕೆಟ್ಟಿದೆ, ರೀಇಂಡೆಕ್ಸ್ ಮಾಡಿ, ಅಂದರೆ ಖತಾವಣಿ ಮತ್ತೆ ಕಟ್ಟಿ ಎಂಬ ಸಂದೇಶ. ಪೂರ್ತಿ ಕಿರ್ದಿ ಇಟ್ಟುಕೊಂಡ ನೋಡ್ ತನ್ನ ಡಿಸ್ಕ್‌ನಿಂದಲೇ ಮತ್ತೆ ಓದಿಕೊಳ್ಳುತ್ತದೆ. ಪುಟ ಹರಿದ ನೋಡ್‌ಗೆ ಆ ಅನುಕೂಲವಿಲ್ಲ, 2009ರಿಂದ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳಬೇಕು. ಒಂಬತ್ತು ದಿನದ ಕೆಲಸ ನೀರುಪಾಲಾಯಿತು. ಮರುದಿನವೇ ಯುಪಿಎಸ್ ತಂದೆ. ನೀವು ಮೊದಲೇ ತನ್ನಿ.

ಪೈಗೆ 64 ಬಿಟ್ ಲಿನಕ್ಸ್ ಹಾಕಿ. ನೋಡ್ ನಡೆಸುವ ಬಿಟ್‌ಕಾಯಿನ್ ಕೋರ್ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿ, ಜೊತೆಗೆ ಕೊಡುವ ಶಾ 256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಪಟ್ಟಿಗೆ ನಿಮ್ಮ ಫೈಲಿನ ಸಂಖ್ಯೆ ಹೊಂದುತ್ತದೆಯೇ ನೋಡಿ. ಒಂದು ಅಕ್ಷರ ತಪ್ಪಿದರೂ ಆ ಫೈಲ್ ಬೇಡ.

ಮುಂದೆ ಸೆಟ್ಟಿಂಗ್ ಫೈಲ್. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಪ್ರೂನ್ ಎಂದು ಬರೆದು, ಸಮ ಚಿಹ್ನೆ ಹಾಕಿ, ಎಷ್ಟು ಎಂಬಿ ಕಿರ್ದಿ ಇಟ್ಟುಕೊಳ್ಳಬೇಕೆಂದು ಕೊಡಬೇಕು. ಕನಿಷ್ಠ 550. ಬಹಳ ಜನ ಅಷ್ಟನ್ನೇ ಕೊಟ್ಟು ಸುಮ್ಮನಾಗುತ್ತಾರೆ, ನಾನು ಹಾಗೆ ಮಾಡುವುದಿಲ್ಲ. ಪುಟ ಹರಿಯುವ ಪ್ರತಿ ಸಲವೂ ರ‍್ಯಾಮ್‌ನಲ್ಲಿರುವ ಲೆಕ್ಕ ಡಿಸ್ಕ್‌ಗೆ ಇಳಿಯಬೇಕು. ಮಿತಿ ಚಿಕ್ಕದಾದಷ್ಟೂ ಇದು ಪದೇ ಪದೇ ನಡೆದು ವೇಗ ಕುಸಿಯುತ್ತದೆ. 128 ಜಿಬಿ ಡಿಸ್ಕ್‌ಗೆ 50000 ಕೊಡಿ. ಲೆಕ್ಕಕ್ಕೆ ಎಷ್ಟು ಎಂಬಿ ರ‍್ಯಾಮ್ ಎಂದು ಹೇಳುವ ಡಿಬಿಕ್ಯಾಶ್ ಸಾಲಿಗೆ ಸದ್ಯಕ್ಕೆ 1500 ಇರಲಿ, ಮೊದಲ ಸಿಂಕ್ (ಹಳೆಯ ಕಿರ್ದಿಯನ್ನೆಲ್ಲ ಇಳಿಸಿ ತಾಳೆ ನೋಡುವ ಕೆಲಸ) ಮುಗಿದ ಮೇಲೆ ಆ ಸಾಲು ಅಳಿಸಿಬಿಡಿ. ಎಲ್ಲ ವ್ಯವಹಾರಗಳ ಸೂಚಿ ಇಡುವ ಟಿಎಕ್ಸ್ ಇಂಡೆಕ್ಸ್ ಮಾತ್ರ ಹಾಕಬೇಡಿ, ಪ್ರೂನಿಂಗ್ ಜೊತೆ ಅದು ನಡೆಯದು.

ಹಳೆಯ ವಾಲೆಟ್ (ನಿಮ್ಮ ಬಿಟ್‌ಕಾಯಿನ್ ಕೀಲಿಗಳ ಫೈಲ್) ಇದ್ದರೆ ಸಿಂಕ್‌ಗೆ ಮೊದಲೇ ಸೇರಿಸಿ. ಪುಟ ಹರಿದ ಮೇಲೆ ಹಳೆಯ ವ್ಯವಹಾರ ಹುಡುಕಿಕೊಡು ಎಂದರೆ ನೋಡ್ ಎಲ್ಲಿಂದ ತಂದೀತು?

ಸಿಂಕ್‌ಗೆ ಇಂಟರ್‌ನೆಟ್‌ನಲ್ಲಿ ಆ 600 ಜಿಬಿಯೂ ಹರಿದು ಬರಲೇಬೇಕು, ಉಳಿತಾಯ ಡಿಸ್ಕ್‌ನದು ಮಾತ್ರ. ಮೊಬೈಲ್ ಹಾಟ್‌ಸ್ಪಾಟ್ ಸಾಲದು, ಬ್ರಾಡ್‌ಬ್ಯಾಂಡ್ ಬೇಕು. ಮನೆಯಲ್ಲಿ ಜೋರಾದ ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಪ್ರೂನ್ ಹಾಕಿ ಸಿಂಕ್ ಮುಗಿಸಿ. ನೋಡ್ ನಿಲ್ಲಿಸಿ, ಬ್ಲಾಕ್ಸ್ ಮತ್ತು ಚೈನ್‌ಸ್ಟೇಟ್ ಎಂಬ ಎರಡು ಫೋಲ್ಡರ್‌ಗಳನ್ನು ಪೈಗೆ ನಕಲು ಮಾಡಿದರೆ ಸಾಕು. ವಾರಗಟ್ಟಲೆ ಕಾಯುವುದು ತಪ್ಪುತ್ತದೆ.

ನಿಲ್ಲಿಸುವಾಗ ಪ್ಲಗ್ ಕೀಳಬೇಡಿ. ಸ್ಟಾಪ್ ಆದೇಶ ಕೊಟ್ಟು, ಲಾಗ್‌ನ ಕೊನೆಯ ಸಾಲಿನಲ್ಲಿ 'ಶಟ್‌ಡೌನ್: ಡನ್' ಬರುವವರೆಗೆ ಕಾಯಿರಿ. ಕೆಲವೊಮ್ಮೆ ಐದು ನಿಮಿಷವೂ ಹಿಡಿಯುತ್ತದೆ.

ಸಿಂಕ್ ಮುಗಿದ ಮೇಲೆ ನನ್ನ ರೂಢಿ ಒಂದೇ. ಬೆಳಗಿನ ಚಹಾ ಹೊತ್ತಿಗೆ ಬ್ಲಾಕ್ ಸಂಖ್ಯೆ ಬರೆದಿಡುತ್ತೇನೆ. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ ಸುಮಾರು 144 ಏರಬೇಕು. ತೀರಾ ಕಡಿಮೆ ಕಂಡರೆ ರೌಟರ್ ಕೇಬಲ್ ಕಡೆ ಹೋಗಿ ನೋಡುತ್ತೇನೆ.