28ರ ಡ್ರೈವರ್ ಮುರದೆ, ಅದೂ ಹಳೇ ಡೆಸ್ಕ್‌ಟಾಪ್ ಮ್ಯಾಲೆ

ಅಲಿಕ್ವಾಟ್ ಸರಣಿ (ಒಂದ ಸಂಖ್ಯೆಯ ಭಾಜಕಗಳನ್ನ, ಆ ಸಂಖ್ಯೆ ಬಿಟ್ಟು, ಕೂಡಿಸಿದ್ರ ಮುಂದಿನ ಸಂಖ್ಯೆ, ಹಿಂಗ ಸಾಗೂ ಸರಣಿ) ಹಚ್ಚೋರಿಗೆ ಗೊತ್ತೇ ಐತಿ, ಒಮ್ಮೆ 4×7, ಅಂದ್ರ 28ರ ಗಂಟ ಬಿತ್ತಂದ್ರ ಅದು ಸುಲಭಕ್ಕ ಬಿಡಂಗಿಲ್ಲ (ಇದಕ್ಕ ಡ್ರೈವರ್ ಅಂತಾರು), ಸರಣಿ ಏರಕೋಂತನ ಹೊಕ್ಕೈತಿ. ನಂದೂ ಹಂಗ ಸಿಕ್ಕೊಂಡಿತ್ತು, ಗೆಳ್ಯಾರು "ಬಿಟ್ಟಬಿಡಪಾ, ಈ ಡಬ್ಬಾಕ್ಕ 140 ಅಂಕಿ ಸಂಖ್ಯೆ ಪ್ರೈಮ್‌ಗಳಾಗಿ ಒಡಿಯೂದು ಆಗಂಗಿಲ್ಲ, ಒಡದ್ರೂ 28 ಬಿಡಂಗಿಲ್ಲ" ಅಂದ್ರು.

ನನಗ ಆಸೆ ಹುಟ್ಟಿದ್ದು 7ರ ವರ್ಗ ಬಂದಾಗ. ಸಂಖ್ಯೆ 4×49×ಉಳಿಕೆ (ಆ 140 ಅಂಕಿದು), 49ರ ಸಿಗ್ಮಾ, ಅಂದ್ರ ಎಲ್ಲಾ ಭಾಜಕಗಳ ಮೊತ್ತ, 57, ಬೆಸ, ಅಂದ್ರ ಸಿಗ್ಮಾಕ್ಕ 2 ಬರೂದು ಆ ಉಳಿಕೆಯಿಂದ ಅಷ್ಟ. ಆ ಉಳಿಕೆಯ ಕಡೀ ಎರಡಂಕಿ 41, ಅಂದ್ರ 4ರಿಂದ ಭಾಗಿಸಿದ್ರ 1 ಉಳಿತೈತಿ. ಒಳಗ ಎರಡ ಪ್ರೈಮ್ ಇದ್ರ ಎರಡೂ 1 ಉಳಸ್ತಾವು, ಇಲ್ಲಾ ಎರಡೂ 3 ಉಳಸ್ತಾವು, ಹೊರಗಿಂದ ಗೊತ್ತಾಗಂಗಿಲ್ಲ. 3-3 ಇದ್ರ 28 ಅಲ್ಲೇ ಕುಂದರ್ತೈತಿ, 1-1 ಇದ್ರ 4 ಹೋಗಿ 8 ಇಲ್ಲಾ ಅದಕ್ಕೂ ದೊಡ್ಡದು ಬರ್ತೈತಿ. ಒಡದ ನೋಡಬೇಕು.

ಮೊದಲ ಇಸಿಎಂ, ಒಳಗಿನ ಸಣ್ಣ ಪ್ರೈಮ್ ಹುಡುಕೂ ವಿಧಾನ. ಬಿ1 (ಹುಡುಕಾಟದ ಮಿತಿ) 30 ಲಕ್ಷದಾಗ 40 ಅಂಕಿ ಪ್ರೈಮ್ ಹುಡುಕೂದು ಮುಗಿಸಿ, 1.1 ಕೋಟಿಗೆ ಏರಿಸಿ 45 ಅಂಕಿ ತನಕ ಸುಮಾರ ಎಲ್ಲಾ ಕರ್ವ್ (ಒಂದೊಂದೂ ಒಂದ ಪ್ರಯತ್ನ) ಓಡಿಸಿದೆ, ಏನೂ ಸಿಗಲಿಲ್ಲ, ಅಂದ್ರ ಮೂರ ಪ್ರೈಮ್ ಇರೂದು ಕಷ್ಟ. ನಡುವ ಒಂದ ಹುಚ್ಚು, ಮನ್ಯಾಗ ಬಿದ್ದ ಹಳೇ ಫೋನಿನಾಗ ಟರ್ಮಕ್ಸ್ (ಲಿನಕ್ಸ್ ಪ್ರೋಗ್ರಾಂ ಓಡಿಸೂ ಆ್ಯಪ್) ಹಾಕಿ ಅವಕ್ಕೂ ಕರ್ವ್ ಹಚ್ಚಿದೆ. ಒಂದರ ಬ್ಯಾಟ್ರಿ ಉಬ್ಬಿ ಹಿಂದಿನ ಮುಚ್ಚಳ ಬಿಚ್ಚಕೊಂತು.

ಆಮ್ಯಾಗ ಕ್ಯಾಡೊ, ದೊಡ್ಡ ಸಂಖ್ಯೆ ಒಡಿಯೂ ಪ್ರೋಗ್ರಾಂ. ನಾಕ ಕೋರಿನ ಸೆಕೆಂಡ್ ಹ್ಯಾಂಡ್ ಮಷೀನು, ಹದಿನಾಲ್ಕ ಹದಿನೈದ ಸಾವಿರದ್ದು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಸಿಪಿಯು ಮಧ್ಯಾಹ್ನ 90 ದಾಟ್ತಿತ್ತು, ಬದೀ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟು ಹಗಲ ಎರಡ ಕೋರ್, ರಾತ್ರಿ ನಾಕೂ ಓಡಿಸಿದೆ. ಅದಕ್ಕ ಮೊದಲ ಬೇಕಾಗೂ ಪಾಲಿನೋಮಿಯಲ್ (ಬಹುಪದಿ) ಆರಿಸೂದ್ರಾಗ ಬರೇ ಸ್ಕೋರ್ ನಂಬಲಿಲ್ಲ, ಮ್ಯಾಗಿನ ನಾಕೈದನ್ನ ಸ್ವಲ್ಪ ಸ್ವಲ್ಪ ಸೀವ್ ಮಾಡಿ (ಒಡಿಯಾಕ ಬೇಕಾದ ಸಂಬಂಧ ಸೋಸಿ) ನೋಡಿದೆ, ಮೂರನೇ ನಂಬರಿನ್ದು ಹತ್ತ ಪರ್ಸೆಂಟ್ ಜೋರಿತ್ತು. ಯಾವ ರೇಂಜಿನಾಗ ಟೆಸ್ಟ್ ಮಾಡಿದೆ ಅನ್ನೂದು ನನ್ನ ಹಂತ್ಯಾಕ ಇರ್ಲಿ.

ಸೀವಿಂಗಿನಾಗ ಕರೆಂಟ್ ಹ್ವಾದ್ರ ಕೈಯಾಗಿನ ವರ್ಕ್ ಯುನಿಟ್ (ಕೆಲಸದ ತುಣುಕು) ಅಷ್ಟ ಹೊಕ್ಕಾವು. ಅದು ಮುಗದ ಮ್ಯಾಲಿನ ಲೀನಿಯರ್ ಅಲ್ಜೀಬ್ರಾದಾಗ ಹಂಗಲ್ಲ, ಹದಿನೈದ ಇಪ್ಪತ್ತ ಲಕ್ಷ ಸಾಲಿನ ಮ್ಯಾಟ್ರಿಕ್ಸ್, ಪ್ರತಿ ಸಲ ಹಿಂದಿನ ಚೆಕ್‌ಪಾಯಿಂಟಿಗೆ ಬಂದು ಬೀಳ್ತಿತ್ತು, ಇನ್ವರ್ಟರ್ ಬ್ಯಾಟ್ರಿನೂ ಸತ್ತಿತ್ತು. ಹೊಸದಕ್ಕ ಹನ್ನೆರಡ ಸಾವಿರದ ಹತ್ರ ಬಡೀತು. ಅದರ ಮುಂದ ಬಿಲ್ಲಿನಾಗ ಹೆಚ್ಚ ಬಂದ ಮುನ್ನೂರ ನಾನೂರ ಏನ್ ಲೆಕ್ಕ.

ಕಡೀಗೆ ಒಡೀತು ನೋಡ್ರಿ, ಒಂದು 62 ಅಂಕಿ, ಇನ್ನೊಂದು 78ರ ಆಜೂಬಾಜೂ. ಕಡೀ ಎರಡಂಕಿ ಅಷ್ಟ ನೋಡಿದೆ, 13 ಮತ್ತ 57. 4ರಿಂದ ಭಾಗಿಸಿದ್ರ ಎರಡೂ 1 ಉಳಸ್ತಾವು! ಮುಂದಿನ ಸಂಖ್ಯಾದಾಗ 8 ಬಂತು, 49ರ ಸಿಗ್ಮಾ 57 ಇತ್ತಲ್ಲ, ಅದರೊಳಗಿನ 3 ಪೂರ್ತಿ ಸಿಗ್ಮಾದಾಗ ಇದ್ರೂ ಸಂಖ್ಯಾದಾಗ 3 ಇಲ್ಲ, ಹಿಂಗಾಗಿ 24ರ ಡ್ರೈವರೂ ಹತ್ತಲಿಲ್ಲ. ಇನ್ನ ಸ್ವಲ್ಪ ಮುಂದ 7ನೂ ಬಿಟ್ಟು ಹೋತು, ಈಗ ಸರಣಿ ಇಳಿಯಾಕ ಹತ್ತೇತಿ, 136 ಅಂಕಿಗೆ ಬಂದೈತಿ, ಇಸಿಎಂ ನಡದೈತಿ.